ಮಣ್ಣಿನ ಕಬಡ್ಡಿ ಮತ್ತು ಮೂಳೆ ಮುರಿತದ ಹಳಹಳಿಕೆ

"ಈಗಿನ ಹುಡುಗ್ರು ಆಡೋದೂ ಒಂದು ಕಬಡ್ಡಿನಾ? ಶೂ ಹಾಕ್ಕೊಂಡು ಮ್ಯಾಟ್ ಮೇಲೆ ಡ್ಯಾನ್ಸ್ ಮಾಡ್ತಾರೆ. ನಮ್ ಕಾಲದಲ್ಲಿ ಹಿಡಿದ್ರೆ ಮೂಳೆ ಲಟಕ್ ಅನ್ನಬೇಕಿತ್ತು!"

ನಮ್ಮ ದಂಡಿಗನಹಳ್ಳಿ ಹೋಬಳಿ ಕಡೆ ಯಾವುದೇ ಟೀ ಅಂಗಡಿ ಮುಂದೆ ಕಬಡ್ಡಿ ಮಾತು ತೆಗೆಯಿರಿ, ಐದು ನಿಮಿಷದೊಳಗೆ ಈ ಡೈಲಾಗ್ ಬಂದೇ ಬರುತ್ತೆ. ಚನ್ನರಾಯಪಟ್ಟಣದಲ್ಲೂ ಅದೇ, ಹೊಳೆನರಸೀಪುರದಲ್ಲೂ ಅದೇ. ಇತ್ತೀಚೆಗೆ ವಾಟ್ಸಾಪ್ ಗ್ರೂಪಿಗೂ ಬಂದಿದೆ. ಹೇಳುವವರು ಹೆಚ್ಚಾಗಿ ಐವತ್ತು ದಾಟಿದವರು. ಅವರಿಗಿಂತ ಜೋರಾಗಿ "ಹೌದೌದು" ಅನ್ನುವವರು ಮಾತ್ರ ಒಂದು ದಿನವೂ ಅಂಕಣಕ್ಕೆ ಇಳಿಯದ ನನ್ನ ವಯಸ್ಸಿನ ಹುಡುಗರು! ನನಗೆ ಸಿಟ್ಟು ಬರೋದು ಈ ಎರಡನೇ ಗುಂಪಿನ ಮೇಲೆ.

ಮೊದಲೇ ಹೇಳಿಬಿಡ್ತೀನಿ, ಕಬಡ್ಡಿಯಲ್ಲಿ ನನಗೆ ಇಷ್ಟ ರೈಡರ್ ಅಲ್ಲ, ಹಿಡಿಯುವವನು. ಕಾರ್ನರ್‌ನಲ್ಲಿ ಕಾಲು ಅಗಲಿಸಿ ಕೂತ ಹಾಗೆ ನಿಂತು, ರೈಡರ್ ಕಣ್ಣು ನೋಡದೆ ಬರೀ ಅವನ ಕಾಲನ್ನೇ ನೋಡ್ತಾ, ಅವನು ಬೋನಸ್‌ಗೆ ಅಂತ ಪಾದ ಚಾಚಿದ ಆ ಅರ್ಧ ಸೆಕೆಂಡಿನಲ್ಲಿ ಹಿಮ್ಮಡಿಗೆ ಕೈ ಹಾಕ್ತಾನಲ್ಲ... ಅದಕ್ಕಿಂತ ಚಂದದ ದೃಶ್ಯ ಯಾವ ಆಟದಲ್ಲೂ ಇಲ್ಲ. ಅವನು ಕೈ ಹಾಕಿದ ಕ್ಷಣಕ್ಕೇ ಕವರ್‌ನಲ್ಲಿದ್ದವನು ಸೊಂಟಕ್ಕೆ ಬರಬೇಕು, ಪಕ್ಕದ ಜೋಡಿ ಕೈ ಕೈ ಹಿಡಿದು ಸರಪಳಿ ಮಾಡಿ ಗೆರೆ ದಾರಿ ಮುಚ್ಚಬೇಕು. ಒಬ್ಬ ತಡ ಮಾಡಿದರೂ ಮೂರೂ ಜನ ಔಟ್. ಅದು ನಿಜವಾದ ಟೀಮ್ ವರ್ಕ್. ನಮ್ಮ ಆಫೀಸಿನಲ್ಲಿ ಪಿಪಿಟಿ ಹಾಕಿ ಹೇಳಿಕೊಡೋದಲ್ಲ :-)

ಹಾಗಾಗಿ "ಹಿಡಿತದ ಆಟ ಚೆನ್ನಾಗಿತ್ತು" ಅಂತ ಯಾರಾದರೂ ನೆನಪಿಸಿಕೊಂಡರೆ ನನ್ನ ತಕರಾರಿಲ್ಲ. ಆದರೆ ಇವರು ನೆನಪಿಸಿಕೊಳ್ಳೋದು ಹಿಡಿತವನ್ನಾ? ಸ್ವಲ್ಪ ಕಿವಿಗೊಟ್ಟು ಕೇಳಿ. ಒಬ್ಬರು ಬಾಯಿ ಮುಚ್ಚಿ ಉಸಿರು ಕಟ್ಟಿಸಿದ ಕಥೆ ಹೇಳ್ತಾರೆ. ಇನ್ನೊಬ್ಬರು ಎರಡೂ ಕಾಲಲ್ಲಿ ಕತ್ತರಿ ಹಾಕಿ ಕೆಡವಿದ್ದನ್ನ. ಮತ್ತೊಬ್ಬರು ಚಡ್ಡಿ, ಕೂದಲು ಸಿಕ್ಕಿದ್ದು ಹಿಡಿದು ಎಳೆದದ್ದನ್ನ. ಸ್ವಾಮಿ, ಇದ್ಯಾವುದೂ "ಹಳೇ ಕಬಡ್ಡಿ" ಅಲ್ಲ. ರೈಡರ್ ಬಾಯಿ ಮುಚ್ಚೋದು, ಕಾಲಿನಿಂದ ಕತ್ತರಿ ಹಾಕೋದು, ಬಟ್ಟೆ ಕೂದಲು ಹಿಡಿಯೋದು, ಗಾಯವಾಗುವಷ್ಟು ಒರಟಾಗಿ ಕೆಡವೋದು... ಎಲ್ಲಾ ನಿಯಮದ ಪ್ರಕಾರ ಫೌಲ್. ಟಿವಿ ಲೀಗಿನವರು ಬಂದು ಆಟ ಮೆತ್ತಗೆ ಮಾಡಲು ತಂದ ನಿಯಮವಲ್ಲ ಇದು, ಅದಕ್ಕಿಂತ ಹಿಂದಿನದು. ಊರಿನ ಪಂದ್ಯದಲ್ಲಿ ಅಂಪೈರ್ ಸೀಟಿ ಊದಲಿಲ್ಲ, ಅಷ್ಟೇ. ಊದಿದ್ದರೆ ಆ ರಾತ್ರಿ ಅವನು ಮನೆಗೆ ಹೋಗೋದೂ ಕಷ್ಟವಿತ್ತು!

ಅಂದರೆ ಇವರು ಹಾಡಿ ಹೊಗಳ್ತಿರೋದು ಹಳೇ ಆಟವನ್ನಲ್ಲ, ಹಳೇ ಅಂಪೈರನ ಅಸಹಾಯಕತೆಯನ್ನ.

ನಮ್ಮ ಕೆಲಸದಲ್ಲೂ ಇಂಥವರು ಸಿಗ್ತಾರೆ. "ಹಳೇ ಕೋಡ್ ಏನು ಗಟ್ಟಿ ಇತ್ತು ಗೊತ್ತಾ, ಇಪ್ಪತ್ತು ವರ್ಷ ಅಲ್ಲಾಡಲಿಲ್ಲ" ಅಂತಾರೆ. ಇವತ್ತಿಗೂ ಓಡ್ತಿರೋ ಕೋಡ್ ಮಾತ್ರ ನಮ್ಮ ಕಣ್ಣಿಗೆ ಕಾಣೋದು. ಮಧ್ಯರಾತ್ರಿ ಬಿದ್ದು, ಕಿತ್ತು ಬಿಸಾಕಿದ ಕೋಡ್ ಯಾರಿಗೆ ನೆನಪಿರುತ್ತೆ? ಕಬಡ್ಡಿ ಕಥೆಯೂ ಹಾಗೇ. ಟೀ ಅಂಗಡಿಗೆ ನಡೆದು ಬಂದು ಕಥೆ ಹೇಳೋರು, ನಡೆಯಲು ಕಾಲು ಉಳಿದವರು.

ಕಾಲು ಉಳಿಯದವರ ಕಥೆ ನನಗೆ ಗೊತ್ತು. ನಮ್ಮ ಚಿಕ್ಕಪ್ಪ ಒಳ್ಳೆ ರೈಡರ್ ಆಗಿದ್ದರಂತೆ. ಸುಗ್ಗಿ ಮುಗಿದ ಮೇಲೆ ರಾಗಿ ಹೊಲ ಹಸನು ಮಾಡಿ ಹಾಕಿದ ಅಂಕಣ. ಮೂರು ಜನ ಒಟ್ಟಿಗೆ ಮೇಲೆ ಬಿದ್ದಾಗ ಮೊಣಕಾಲು ಒಳಗೆ ತಿರುಗಿತು. ಜನ ಸಿಳ್ಳೆ ಹೊಡೆದರು, ಹಿಡಿದವನನ್ನ ಹೆಗಲ ಮೇಲೆ ಹೊತ್ತರು. ಚಿಕ್ಕಪ್ಪನನ್ನೂ ಹೊತ್ತರು, ಆದರೆ ಎತ್ತಿನ ಗಾಡಿಗೆ. ಮಾರನೇ ದಿನ ನಾಟಿ ಪಟ್ಟು ಕಟ್ಟಿಸಿದರು, ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಲಿಗಮೆಂಟ್ ಅನ್ನೋ ಪದವನ್ನ ನಮ್ಮ ಮನೆಯಲ್ಲಿ ಮೊದಲು ಕೇಳಿದ್ದು ಅದಾಗಿ ಎಷ್ಟೋ ವರ್ಷದ ನಂತರ. ನಾಲ್ಕು ಎಕರೆ ತೆಂಗಿನ ತೋಟ ಇಟ್ಟುಕೊಂಡು ಒಂದು ಮರ ಹತ್ತಲಾಗದೆ, ಕಾಯಿ ಕೀಳೋರಿಗೆ ಕಾಯ್ತಾ ಕೂತ ಮನುಷ್ಯ ಅವರು. ಅವತ್ತಿನ ಆ ಹಿಡಿತ ಇವತ್ತಿಗೂ ಊರಲ್ಲಿ ಪ್ರಸಿದ್ಧಿ. ಅವರ ಮೊಣಕಾಲಿನ ಮಾತು ಯಾರೂ ಎತ್ತಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಫುಟ್‌ಬಾಲ್ ನೋಡುವ ಸಹೋದ್ಯೋಗಿಗಳೂ ಥೇಟ್ ಇದೇ ರಾಗ ಹಾಡ್ತಾರೆ. ಅಲ್ಲಿ ಡೀಕನ್ ಜೋನ್ಸ್ ಅಂತ ಒಬ್ಬ ಡಿಫೆಂಡರ್ ಎದುರಾಳಿಯ ತಲೆಗೆ ಹಸ್ತದಿಂದ ಬಾರಿಸೋದಕ್ಕೇ ಹೆಸರಾಗಿದ್ದ. 1977ರಲ್ಲಿ ಅದನ್ನ ನಿಷೇಧಿಸಿದರು. ಮರುವರ್ಷ, 1978ರ ಆಗಸ್ಟ್‌ನಲ್ಲಿ, ಲೆಕ್ಕಕ್ಕೂ ಇಲ್ಲದ ಒಂದು ಪ್ರದರ್ಶನ ಪಂದ್ಯದಲ್ಲಿ ಜ್ಯಾಕ್ ಟೇಟಮ್ ಕೊಟ್ಟ ಡಿಕ್ಕಿಗೆ ಡ್ಯಾರಿಲ್ ಸ್ಟಿಂಗ್ಲಿಯ ಕತ್ತಿನ ಮೂಳೆ ಮುರಿಯಿತು. ಅವನು 2007ರಲ್ಲಿ ಸಾಯುವವರೆಗೂ ಗಾಲಿಕುರ್ಚಿಯಲ್ಲೇ ಇದ್ದ. ಆ ಡಿಕ್ಕಿಗೆ ಅವತ್ತು ಫೌಲ್ ಕೂಡ ಕೊಡಲಿಲ್ಲ, ಆಗಿನ ನಿಯಮದಲ್ಲಿ ಅದು ಸರಿಯೇ ಇತ್ತು! 2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಹಳೇ ಆಟಗಾರ ಐವತ್ತನೇ ವಯಸ್ಸಿಗೇ ತೀರಿಕೊಂಡಾಗ ವೈದ್ಯರು ಅವನ ಮೆದುಳನ್ನ ಪರೀಕ್ಷಿಸಿ, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬಂದ ರೋಗವನ್ನ ಕಂಡರು. ಇಷ್ಟೆಲ್ಲಾ ಆದ ಮೇಲೂ ಅಲ್ಲಿನ ಟೀ ಅಂಗಡಿಯವರು "ಆ ಕಾಲದ ಹೊಡೆತವೇ ಹೊಡೆತ" ಅನ್ನೋದು ಬಿಟ್ಟಿಲ್ಲ.

ಇಲ್ಲೇ ಪಕ್ಕದ ತಮಿಳುನಾಡಿನಲ್ಲಿ, 2022ರ ಜುಲೈನಲ್ಲಿ, ಪಣ್ರುಟ್ಟಿ ಹತ್ತಿರದ ಊರಿನ ಪಂದ್ಯವೊಂದರಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ರೈಡ್ ಮಾಡುವಾಗ ಬಿದ್ದವನು ಮೇಲೇಳಲೇ ಇಲ್ಲ. ವಿಡಿಯೋ ನಮ್ಮ ಗ್ರೂಪಿಗೂ ಬಂದಿತ್ತು. ಎರಡು ದಿನ ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿದರು. ಮೂರನೇ ದಿನ ಮತ್ತೆ "ಲಟಕ್".

ಸರಿ, ಈಗ ಅವರ ಇನ್ನೊಂದು ವಾದಕ್ಕೆ ಬರೋಣ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಿಡಿಯುವವರಿಗೆ ಬೆಲೆ ಇಲ್ಲ, ಎಲ್ಲಾ ರೈಡರ್‌ಗಳದ್ದೇ ದರ್ಬಾರು ಅಂತ. ಇದರಲ್ಲಿ ಅರ್ಧ ಸತ್ಯವಿದೆ. ಬೋನಸ್ ಗೆರೆ ರೈಡರ್‌ಗೆ ಅನುಕೂಲ. ಟಿವಿ ಕ್ಯಾಮೆರಾ ಕೂಡ ಅವನ ಹಿಂದೆಯೇ ಓಡುತ್ತೆ. 2019ರ ಜನವರಿಯಲ್ಲಿ ನಮ್ಮ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ನಮಗೆಲ್ಲ ನೆನಪಿರೋದು ಪವನ್ ಸೆಹ್ರಾವತ್‌ನ 22 ಪಾಯಿಂಟ್ ಮಾತ್ರ.

ಇನ್ನರ್ಧ ಸುಳ್ಳು. ಈ ಲೀಗಿನಲ್ಲಿ ಮೊದಲು ಕೋಟಿ ಮುಟ್ಟಿದ ಆಟಗಾರ ರೈಡರ್ ಅಲ್ಲ, 2018ರಲ್ಲಿ ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ. ಅಂಕಣದಲ್ಲಿ ಮೂರೇ ಜನ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಎರಡು ಖಾಲಿ ರೈಡ್ ಆದರೆ ಮೂರನೆಯದಕ್ಕೆ ರೈಡರ್ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಇವು ಹಿಡಿಯುವವನ ಕೈಗೆ ಕೊಟ್ಟ ಅಸ್ತ್ರಗಳಲ್ಲವೇ? ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿ ಕೊಟ್ಟ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ ಫೈನಲ್ ಗೆದ್ದದ್ದು 28-25ರಲ್ಲಿ. ಆ ಸೀಸನ್ನಿನಲ್ಲಿ ಅತಿ ಹೆಚ್ಚು ಟ್ಯಾಕಲ್ ಪಾಯಿಂಟ್ ತಂದ ಶಾದ್ಲೂಯಿ ಅದೇ ತಂಡದವನು.

ಇನ್ನೊಂದು ಕಹಿ ನೆನಪು. 1990ರಿಂದ ಏಷ್ಯನ್ ಗೇಮ್ಸ್‌ನಲ್ಲಿ ಒಂದೂ ಬಿಡದೆ ಏಳು ಚಿನ್ನ ಗೆದ್ದ ನಮ್ಮ ಪುರುಷರ ತಂಡವನ್ನ 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಸೋಲಿಸಿತು. ಹದಿನೆಂಟೇ ಪಾಯಿಂಟಿಗೆ ನಮ್ಮನ್ನ ಕಟ್ಟಿ ಹಾಕಿದರಲ್ಲ, ಅದು ಹಿಡಿತ! ಯಾರ ಬಾಯಿ ಮುಚ್ಚಿ, ಯಾರ ಮೊಣಕಾಲು ತಿರುಚಿ ಗೆದ್ದದ್ದಲ್ಲ. ಮ್ಯಾಟ್ ಮೇಲೆ, ಶೂ ಹಾಕಿಕೊಂಡು, ನಿಯಮದೊಳಗೇ ಹಿಡಿದದ್ದು. ಗಟ್ಟಿ ಆಟ ಬೇರೆ, ಒರಟು ಆಟ ಬೇರೆ. ಇಷ್ಟು ಸಣ್ಣ ವ್ಯತ್ಯಾಸ ತಿಳಿಯದವರು ಕಬಡ್ಡಿ ಬಗ್ಗೆ ಭಾಷಣ ಬಿಗಿಯಬಾರದು.

ನಿಜವಾಗಿ ಕಳೆದುಹೋದದ್ದು ಏನಾದರೂ ಇದ್ದರೆ ಅದು ಉಸಿರು. ಈಗ ರೈಡಿಗೆ ಮೂವತ್ತು ಸೆಕೆಂಡಿನ ಗಡಿಯಾರ. ಮೊದಲು ಹಿಡಿಯುವವನಿಗೆ ರೈಡರನ ಉಸಿರೇ ಗಡಿಯಾರ. ಅವನ ದನಿ ಎಲ್ಲಿ ಸಣ್ಣಗಾಗುತ್ತೆ ಅಂತ ಕಿವಿಯಲ್ಲಿ ಅಳೆದು ನುಗ್ಗಬೇಕಿತ್ತು. ಆ ಸೂಕ್ಷ್ಮ ಹೋಯಿತು, ಅದಕ್ಕೆ ನನಗೂ ಬೇಜಾರಿದೆ. ತಮಾಷೆ ನೋಡಿ, ಹಳೇ ಕಾಲ ಅಂತ ಎದೆ ಬಡಿದುಕೊಳ್ಳೋ ಒಬ್ಬರೂ ಇದನ್ನ ಹೇಳಲ್ಲ. ಅವರಿಗೆ ಬೇಕಿರೋದು ಬರೀ ಲಟಕ್.

ಮಾತು ಸಾಕು, ಕೆಲಸದ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಊರ ಹಬ್ಬ, ರಾಜ್ಯೋತ್ಸವ ಅಂತ ಹೊನಲು ಬೆಳಕಿನ ಪಂದ್ಯ ನಡೆಸುವ ಗೆಳೆಯರೇ, ಸ್ವಾಗತ ಕಮಾನಿಗೆ, ಫ್ಲೆಕ್ಸಿಗೆ, ಡಿಜೆಗೆ, ಬಹುಮಾನದ ಟಗರಿಗೆ ದುಡ್ಡು ಹುಟ್ಟುತ್ತಲ್ಲ, ಅದೇ ಜೇಬಿನಿಂದ ಇಷ್ಟು ಮಾಡಿ.

1. ಮ್ಯಾಟ್ ಬಾಡಿಗೆಗೆ ತನ್ನಿ. ಆಗದಿದ್ದರೆ ಅಂಕಣದ ಮಣ್ಣು ಅಗೆದು, ಕಲ್ಲು ಆರಿಸಿ, ಮೆದು ಮಾಡಿ.
2. ಪಂದ್ಯ ಮುಗಿಯುವವರೆಗೆ ಒಂದು ಗಾಡಿ, ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬರು ಅಲ್ಲೇ ಇರಲಿ.
3. ಆಡುವ ಹುಡುಗರಿಗೆ ಅಪಘಾತ ವಿಮೆ ಮಾಡಿಸಿ. ಒಂದು ಫ್ಲೆಕ್ಸ್ ಕಡಿಮೆ ಆದರೆ ಯಾವ ನಾಯಕರೂ ಸಾಯಲ್ಲ.
4. ಹೊರ ಊರಿನ ಅಂಪೈರ್ ಕರೆಸಿ, ಕಾರ್ಡ್ ತೋರಿಸುವ ಧೈರ್ಯ ಕೊಡಿ. ಅವನು ಹಳದಿ ಕಾರ್ಡ್ ತೆಗೆದರೆ ಎರಡು ನಿಮಿಷ ಹೊರಗೆ ಕೂರಬೇಕಾದವನು ನಿಮ್ಮ ಅಧ್ಯಕ್ಷರ ಮಗನೇ ಆದರೂ ಕೂರಲಿ.

ಇದರಿಂದ ಆಟ ಸಪ್ಪೆಯಾಗುತ್ತೆ ಅನ್ನುವವರಿಗೆ ಒಂದೇ ಪ್ರಶ್ನೆ. ಈ ಸಲದ ಪಂದ್ಯಕ್ಕೆ ನಿಮ್ಮ ಮಗನನ್ನೇ ರೈಡಿಗೆ ಕಳಿಸ್ತೀರಾ? ಕಳಿಸೋ ಹಾಗಿದ್ದರೆ, ಅವನನ್ನ ಹಿಡಿಯುವವರು ಹೇಗೆ ಹಿಡಿಯಲಿ? ನಿಮ್ಮ ಕಾಲದ ಹಾಗಾ, ಈಗಿನ ಹಾಗಾ?

ಯೋಚನೆ ಮಾಡಿ ಹೇಳಿ, ಕಾಯ್ತೀನಿ.