ಬ್ಯಾಕ್ಟೀರಿಯವೂ ಭೌತಶಾಸ್ತ್ರದ ವಿದ್ಯಾರ್ಥಿಯೂ

ಬ್ಯಾಕ್ಟೀರಿಯಗಳು ಒಂದು ತಳಕ್ಕೆ ಹೇಗೆ ಅಂಟಿಕೊಳ್ಳುತ್ತವೆ, ತಮ್ಮ ಸುತ್ತಲನ್ನು ಹೇಗೆ ಅರಿಯುತ್ತವೆ, ಒಂದಕ್ಕೊಂದು ಹೇಗೆ ಸಂಕೇತ ಕಳುಹಿಸುತ್ತವೆ—ಈ ಮೂರು ಪ್ರಶ್ನೆಗಳನ್ನು ಚರ್ಚಿಸುವುದಕ್ಕಾಗಿಯೇ ವಿಜ್ಞಾನಿಗಳು ಸಮ್ಮೇಳನ ಸೇರುತ್ತಾರೆಂದರೆ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸೋಜಿಗವಾದೀತು. ಅಮೆರಿಕದ ಪ್ರಸಿದ್ಧ ಗಾರ್ಡನ್ ಸಂಶೋಧನ ಸಮ್ಮೇಳನಗಳ ಮಾಲೆಯಲ್ಲಿ ಇದೊಂದೇ ವಿಷಯಕ್ಕೆ ಮೀಸಲಾದ ಕೂಟವುಂಟು. ‘ಅದು ಜೀವಶಾಸ್ತ್ರಜ್ಞರ ಮಾತು, ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಓದುವ ನಮಗೆ ಅದರಿಂದೇನು?’ ಎಂದು ಕೇಳುವವರಿದ್ದಾರೆ. ಹೀಗೆ ಕೇಳುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತಮುತ್ತ ಓದುವವರಿಗಂತೂ ಅದು ಸ್ವಲ್ಪವೂ ಒಪ್ಪುವುದಿಲ್ಲ.

ಮೊದಲು ಈಜುವ ಬ್ಯಾಕ್ಟೀರಿಯವನ್ನು ನೋಡೋಣ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಜೀವಿಯ ಉದ್ದ ಸುಮಾರು 2 ಮೈಕ್ರಾನ್; ಅಂದರೆ ಒಂದು ಮಿಲಿಮೀಟರಿನ 500ನೆಯ ಒಂದು ಭಾಗ. ಇಷ್ಟು ಸಣ್ಣ ದೇಹಕ್ಕೆ ನೀರು ಜೇನಿನಷ್ಟು ಸ್ನಿಗ್ಧ. ಈಜು ನಿಲ್ಲಿಸಿದೊಡನೆ ಅದು ಒಂದು ಪರಮಾಣುವಿನ ಅಗಲದಷ್ಟು ದೂರವೂ ಜಾರದೆ ನಿಂತುಬಿಡುತ್ತದೆ. ಇದನ್ನು ಲೆಕ್ಕಹಾಕಿ ತೋರಿಸಿದವರು 1952ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಎಡ್ವರ್ಡ್ ಪರ್ಸೆಲ್. ಬ್ಯಾಕ್ಟೀರಿಯದ ಕಶಾಂಗವೆಂಬ ಎಳೆ ಚಾವಟಿಯಂತೆ ಬಡಿಯುವುದಿಲ್ಲ, ತಿರುಪಿನಂತೆ ಸುತ್ತುತ್ತದೆ ಎಂದು 1973ರಲ್ಲಿ ವಾದಿಸಿದ ಇಬ್ಬರಲ್ಲಿ ಹೊವಾರ್ಡ್ ಬರ್ಗ್ ಕೂಡ ಭೌತಶಾಸ್ತ್ರದಲ್ಲಿ ಪಳಗಿದವರೇ. ಆಹಾರವಿರುವ ದಿಕ್ಕನ್ನು ಈ ಜೀವಿ ಅರಿಯುವ ಬಗೆಯೂ ವಿಚಿತ್ರ: ಈಗಿನ ರುಚಿಯನ್ನು ಕೆಲವು ಸೆಕೆಂಡುಗಳ ಹಿಂದಿನ ರುಚಿಯೊಡನೆ ಹೋಲಿಸಿ, ಮೇಲಾಗಿದ್ದರೆ ಮುಂದುವರಿಯುತ್ತದೆ; ಇಲ್ಲವಾದರೆ ಹೊರಳಿ ಬೇರೆ ದಿಕ್ಕು ಹಿಡಿಯುತ್ತದೆ. ಮೆದುಳಿಲ್ಲದ ಜೀವಿಗೂ ನೆನಪುಂಟೆಂದಾಯಿತು.

ಇನ್ನು ಅಂಟಿಕೊಳ್ಳುವ ಬಗೆ. ಮೂತ್ರನಾಳಕ್ಕೆ ಸೋಂಕು ತರುವ ಇ. ಕೋಲೈ ತನ್ನ ಕೂದಲಿನಂಥ ಎಳೆಗಳ ತುದಿಯಲ್ಲಿರುವ ಒಂದು ಪ್ರೋಟೀನಿನಿಂದ ಜೀವಕೋಶಗಳನ್ನು ಹಿಡಿಯುತ್ತದೆ. ಹರಿಯುವ ದ್ರವ ಎಳೆದಾಗ ಈ ಹಿಡಿತ ಸಡಿಲವಾಗುವುದರ ಬದಲು ಜೀರುಗುಣಿಕೆಯಂತೆ ಬಿಗಿಯಾಗುತ್ತದೆ ಎಂಬುದು 2002ರಲ್ಲಿ ತಿಳಿದುಬಂತು. ಸಂಕೇತದ ವಿಷಯವೂ ಅಷ್ಟೇ ಸ್ವಾರಸ್ಯಕರ. ಸಮುದ್ರದ ವಿಬ್ರಿಯೊ ಫಿಶೆರಿ ಒಂಟಿಯಾಗಿದ್ದಾಗ ಬೆಳಗುವುದಿಲ್ಲ. ಪ್ರತಿಯೊಂದು ಜೀವಿಯೂ ಹೊರಬಿಡುವ ಒಂದು ರಾಸಾಯನಿಕ ಸುತ್ತಲೂ ಸಾಕಷ್ಟು ತುಂಬಿದಾಗ ಗುಂಪೆಲ್ಲವೂ ಒಟ್ಟಿಗೆ ಬೆಳಕು ಬೀರುತ್ತದೆ. ಇದರ ಸುಳಿವನ್ನು 1970ರಲ್ಲಿ ಪ್ರಕಟಿಸಿದರು.

ಬಲ, ಸ್ನಿಗ್ಧತೆ, ವಿಸರಣ, ನೆನಪು, ಸಂಕೇತ—ಇವುಗಳಲ್ಲಿ ಯಾವುದು ಭೌತಶಾಸ್ತ್ರಕ್ಕೆ, ಗಣಕಕ್ಕೆ ಹೊರಗಿನದು?

ಈ ವಿದ್ಯೆ ಬೆಂಗಳೂರಿಗೆ ಹೊಸದೂ ಅಲ್ಲ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆನೀರಿಗೆ ಗಾಳಿಯೂದಿ ಬ್ಯಾಕ್ಟೀರಿಯಗಳಿಂದ ಶುದ್ಧಿಮಾಡಿಸುವ ಕ್ರಮವನ್ನು ಪ್ರಕಟಿಸಿದರು. ಅವರ ಪ್ರಯೋಗಗಳಿಗೆ ಪ್ರೇರಣೆ ನೀಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಆ ಕ್ರಮವೇ ಇಂದು ಹೊರವಲಯದ ದೊಡ್ಡ ವಸತಿ ಸಮುಚ್ಚಯಗಳ ಶುದ್ಧೀಕರಣ ಘಟಕಗಳಲ್ಲಿ ಹಲವು ರೂಪಗಳಲ್ಲಿ ನಡೆಯುತ್ತಿದೆ. ಅಲ್ಲಿ ಬ್ಯಾಕ್ಟೀರಿಯಗಳು ಕೊಳೆಯನ್ನು ತಿಂದರಷ್ಟೇ ಸಾಲದು. ಒಂದಕ್ಕೊಂದು ಅಂಟಿ ಗರಣೆಗಟ್ಟಿ ತಳಕ್ಕಿಳಿಯಬೇಕು. ಎಳೆಯಂತೆ ಬೆಳೆಯುವ ಜಾತಿಗಳು ಅತಿಯಾದರೆ ಗರಣೆ ಇಳಿಯದು, ನೀರು ತಿಳಿಯಾಗದು. ಪೀಣ್ಯದಲ್ಲಿರುವಂಥ ವಿದ್ಯುಲ್ಲೇಪನ ಘಟಕಗಳ ಕ್ರೋಮಿಯಂ ನೀರಿಗೆ ಸೇರಿದರೆ ಈ ಜೀವಿಗಳಿಗೆ ಅದು ವಿಷ.

ಈ ಕೆಲಸ ಕೆಟ್ಟರೆ ಏನಾಗುವುದೆಂಬುದನ್ನು ಬೆಳ್ಳಂದೂರು, ವರ್ತೂರು ಕೆರೆಗಳು ತೋರಿಸಿವೆ. 2015ರಲ್ಲಿಯೂ 2017ರಲ್ಲಿಯೂ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತು. ವರ್ತೂರಿನ ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿತು. ಆಮ್ಲಜನಕವಿರುವ ನೀರಿನಲ್ಲಿ ಮಾರ್ಜಕವನ್ನು ಬ್ಯಾಕ್ಟೀರಿಯಗಳು ಕರಗಿಸಿ ಮುಗಿಸಬಲ್ಲವು. ಉಸಿರುಗಟ್ಟಿದ ಕೆಸರಿನಲ್ಲಿ ಆ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ. ಆಗ ಮಾರ್ಜಕ ಉಳಿದು ನೊರೆಯಾಗುತ್ತದೆ.

ಇಷ್ಟಾದರೂ ನಮ್ಮ ಪದವಿಪೂರ್ವ ಶಿಕ್ಷಣ ಮಾಡುತ್ತಿರುವುದೇನು? ಹದಿನಾರರ ಹರೆಯದಲ್ಲಿಯೇ ವಿದ್ಯಾರ್ಥಿಯನ್ನು ನಿಲ್ಲಿಸಿ, ಜೀವಶಾಸ್ತ್ರ ಬೇಕೋ ಕಂಪ್ಯೂಟರ್ ಬೇಕೋ ಎಂದು ಕೇಳುತ್ತದೆ. ಕಂಪ್ಯೂಟರನ್ನು ಆರಿಸಿಕೊಂಡವನಿಗೆ ಜೀವಕೋಶದ ಬಾಗಿಲು ಅಲ್ಲಿಗೆ ಮುಚ್ಚಿತು. ಜೀವಶಾಸ್ತ್ರ ಹಿಡಿದವಳಿಗೆ ಗಣನೆಯ ಬಾಗಿಲು. ಎಲ್ಲವನ್ನೂ ಕಲಿಸಹೊರಟರೆ ಹೊರೆ ಹೆಚ್ಚುವುದೆಂಬ ಆಕ್ಷೇಪಣೆಯಲ್ಲಿ ಹುರುಳುಂಟು. ನಾಲ್ಕರ ಮೇಲೆ ಐದನೆಯ ವಿಷಯವನ್ನು ಹೇರಬೇಕೆಂದು ನಾವು ಹೇಳುವುದಿಲ್ಲ. ಸ್ನಿಗ್ಧತೆಯ ಪಾಠದಲ್ಲಿ ಎಣ್ಣೆಯಲ್ಲಿ ಇಳಿಯುವ ಗುಂಡಿನ ಜೊತೆಗೆ ಈಜುವ ಬ್ಯಾಕ್ಟೀರಿಯವನ್ನೂ ಹೇಳಲು ಹೆಚ್ಚೆಂದರೆ ಅರ್ಧ ಗಂಟೆ ಹಿಡಿದೀತು.

ಜಿ.ಕೆ.ವಿ.ಕೆ. ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಭೌತಶಾಸ್ತ್ರಜ್ಞರೂ ಜೀವಶಾಸ್ತ್ರಜ್ಞರೂ ಒಂದೇ ಸೂರಿನಡಿ ದುಡಿಯುತ್ತಾರೆ. ಸಂಶೋಧಕರು ಕೆಡವಿರುವ ಗೋಡೆಯನ್ನು ಕಾಲೇಜುಗಳು ಕಾಯುತ್ತಿರುವುದು ತರವಲ್ಲ. ನಮ್ಮ ಸಲಹೆ ಎರಡು. ಹೊರವಲಯದ ಕಾಲೇಜುಗಳು ಎರಡೂ ಕಡೆಯ ವಿದ್ಯಾರ್ಥಿಗಳನ್ನು ಒಟ್ಟಿಗೆ ಹತ್ತಿರದ ಶುದ್ಧೀಕರಣ ಘಟಕಕ್ಕೆ ಕರೆದೊಯ್ದು, ಅಲ್ಲಿನ ಗರಣೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಲಿ. ಎರಡನೆಯದಾಗಿ, ಗಾರ್ಡನ್ ಸಮ್ಮೇಳನಗಳಲ್ಲಿ ಆಡಿದ ಮಾತನ್ನು ಹೊರಗೆ ವರದಿಮಾಡಬಾರದೆಂಬ ನಿಯಮವುಂಟು. ವಿದ್ವಾಂಸರ ಮುಕ್ತ ಚರ್ಚೆಗೆ ಅದು ಅನುಕೂಲವೇ ಇರಬಹುದು. ಆದರೆ ಬೆಂಗಳೂರಿನಲ್ಲಿ ಇಂಥ ಕೂಟ ಸೇರಿದಾಗ ಕಡೆಯ ಪಕ್ಷ ಒಂದು ಅಪರಾಹ್ನವನ್ನಾದರೂ ಕನ್ನಡದಲ್ಲಿ, ವಿದ್ಯಾರ್ಥಿಗಳಿಗಾಗಿ ಮೀಸಲಿಡಲಿ. ಕೆರೆಯ ಪಕ್ಕದಲ್ಲಿ ಬೆಳೆಯುವ ಮಕ್ಕಳಿಗೆ ಕೆರೆಯೊಳಗಿನ ಜೀವಿಗಳ ವಿಚಾರ ತಿಳಿಯಬೇಕಾದುದು ನ್ಯಾಯ. ನಾಳೆ ಅದನ್ನು ಸರಿಪಡಿಸಬೇಕಾದವರೂ ಅವರೇ.