ಡೇನಿಯಲ್ ಹೆಸರಿನ ಪ್ರಶಸ್ತಿ, ರೋಸಿಗೆ ಸಿಗದ ಕುರ್ಚಿ

ಮಲಯಾಳಂ ಸಿನಿಮಾದಲ್ಲಿ ಜೀವಮಾನ ಸಾಧನೆ ಮಾಡಿದವರಿಗೆ ಕೇರಳ ಸರ್ಕಾರ ಕೊಡುವ ಅತಿ ದೊಡ್ಡ ಗೌರವ ಜೆ.ಸಿ. ಡೇನಿಯಲ್ ಪ್ರಶಸ್ತಿ. 1992ರಿಂದ ಕೊಡ್ತಾ ಇದ್ದಾರೆ. ಈ ಡೇನಿಯಲ್ ಯಾರು ಅಂತ ನಮ್ಮ ಹುಡುಗರಿಗೆ ಗೊತ್ತಿರಬೇಕು. ಸಿನಿಮಾಗೆ ದುಡ್ಡು ಯಾರು ಹಾಕಬೇಕು, ಕ್ಯಾಮೆರಾ ಮುಂದೆ ಯಾರು ನಿಲ್ಲಬಹುದು ಅನ್ನೋ ಜಗಳ ಶುರುವಾಗಿದ್ದೇ ಈ ಮನುಷ್ಯನ ಮೊದಲ ಸಿನಿಮಾದಲ್ಲಿ.

ಡೇನಿಯಲ್ ಅಗಸ್ತೀಶ್ವರದ ನಾಡಾರ್ ಕ್ರೈಸ್ತರು. ಆಗ ಅದು ತಿರುವಾಂಕೂರು ಸಂಸ್ಥಾನ. ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೇ ದಶಕಗಟ್ಟಲೆ ಹೋರಾಡಬೇಕಾಗಿ ಬಂದ, 1859ರಲ್ಲಷ್ಟೇ ಅರಸರಿಂದ ಅನುಮತಿ ಪಡೆದ ನೆಲ ಅದು. ಕಳರಿಪಯಟ್ಟು ಕಲಿತಿದ್ದ ಡೇನಿಯಲ್, ಅದನ್ನು ಜಗತ್ತಿಗೆ ತೋರಿಸೋಕೆ ಸಿನಿಮಾನೇ ದಾರಿ ಅಂದುಕೊಂಡರು. ಮದ್ರಾಸು, ಮುಂಬೈ ಸುತ್ತಿ ಕೆಲಸ ನೋಡಿಕೊಂಡು ಬಂದರು. ಜಮೀನು ಮಾರಿ ತಿರುವನಂತಪುರದಲ್ಲಿ ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್ ಕಟ್ಟಿದರು. 'ವಿಗತಕುಮಾರನ್' ಮೂಕಿ ಚಿತ್ರಕ್ಕೆ ನಿರ್ಮಾಪಕ, ನಿರ್ದೇಶಕ, ನಾಯಕ ನಟ ಎಲ್ಲಾ ಅವರೇ.

ನಾಯಕಿ ಪಿ.ಕೆ. ರೋಸಿ. ಪುಲಯ ಸಮುದಾಯದ ಹೆಣ್ಣುಮಗಳು. ಕಾಕ್ಕಾರಿಶ್ಶಿ ನಾಟಕದಲ್ಲಿ ಪಾತ್ರ ಮಾಡಿ ಪಳಗಿದ್ದ ಕಲಾವಿದೆ. ಡೇನಿಯಲ್ ಕೊಟ್ಟ ಪಾತ್ರ ಸರೋಜಿನಿ, ನಾಯರ್ ಹೆಣ್ಣು.

ಕಾಲ ಯಾವುದು ನೋಡಿ. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ ವೈಕಂ ಸತ್ಯಾಗ್ರಹ ಮುಗಿದಿದ್ದು 1925ರಲ್ಲಿ. ದೇವಸ್ಥಾನದ ಬಾಗಿಲು ತೆರೆದ ಘೋಷಣೆ ಬಂದಿದ್ದು 1936ರಲ್ಲಿ. ಇವೆರಡರ ಮಧ್ಯೆ ಈ ಸಿನಿಮಾ ತೆರೆಗೆ ಬಂತು. 1928 ಅಂತ ಕೆಲವರು, 1930 ಅಂತ ಕೆಲವರು ವಾದಿಸ್ತಾರೆ. ಕ್ಯಾಪಿಟಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ರೋಸಿ ಒಳಗೆ ಕೂತರೆ ನಾವು ಬರೋದಿಲ್ಲ ಅಂದರಂತೆ ದೊಡ್ಡವರು. ತಾನು ನಟಿಸಿದ ಸಿನಿಮಾ ನೋಡೋಕೆ ಆಕೆಗೆ ಕುರ್ಚಿ ಸಿಗಲಿಲ್ಲ. ಪುಲಯರ ಹೆಣ್ಣು ನಾಯರ್ ಹೆಣ್ಣಾಗಿ ಕಂಡಿದ್ದನ್ನು ಸಹಿಸಲಾಗದೆ ತೆರೆಗೆ ಕಲ್ಲು ತೂರಿದರು. ರೋಸಿಯ ಗುಡಿಸಲಿಗೆ ಬೆಂಕಿ ಬಿತ್ತು. ಆಕೆ ಊರು ಬಿಟ್ಟು ನಾಗರಕೋವಿಲ್ ಕಡೆ ಹೋಗಿ ಬೇರೆ ಹೆಸರಲ್ಲಿ ಬದುಕಿದರು. ಮತ್ತೆಂದೂ ನಟಿಸಲಿಲ್ಲ.

ಡೇನಿಯಲ್ ಕೂಡ ಮುಳುಗಿದರು. ಸ್ಟುಡಿಯೋ ಹೋಯಿತು, ಆಸ್ತಿ ಹೋಯಿತು. ಹಲ್ಲಿನ ವೈದ್ಯರಾಗಿ ಹೊಟ್ಟೆ ಹೊರೆದರು. 1956ರಲ್ಲಿ ಅಗಸ್ತೀಶ್ವರ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಮುಂದೆ ಕಲಾವಿದರ ಪಿಂಚಣಿ ವಿಷಯ ಬಂದಾಗ, ಇವರು ನಮ್ಮ ರಾಜ್ಯದವರಲ್ಲ ಅಂತ ಕೇರಳ ಸರ್ಕಾರ ಕೈ ಚೆಲ್ಲಿತು. ಗಡಿ ಸರಿದಿದ್ದು ಕಾಗದದ ಮೇಲೆ, ಪಿಂಚಣಿ ತಪ್ಪಿದ್ದು ಮುದುಕನಿಗೆ. ನಾನು ಕಡತಗಳ ಮಧ್ಯೆ ಕೂತು ಸಂಬಳ ತಗೊಳೋನು. 'ನಿಯಮದಲ್ಲಿ ಅವಕಾಶವಿಲ್ಲ' ಅನ್ನೋ ಒಂದು ಸಾಲಿನ ಟಿಪ್ಪಣಿಗೆ ಎಷ್ಟು ಬಲ ಇದೆ ಅಂತ ನನಗೆ ಗೊತ್ತು. ಕೊಡೋ ಮನಸ್ಸಿದ್ದರೆ ಅದೇ ಕಡತದಲ್ಲಿ 'ವಿಶೇಷ ಪ್ರಕರಣವೆಂದು ಪರಿಗಣಿಸಿ' ಅನ್ನೋ ಸಾಲೂ ಹುಟ್ಟುತ್ತೆ. 1975ರಲ್ಲಿ ಡೇನಿಯಲ್ ತೀರಿಕೊಂಡರು. ಚೇಲಂಗಾಟ್ ಗೋಪಾಲಕೃಷ್ಣನ್ ಅವರಂಥ ಪತ್ರಕರ್ತರು ಹಟ ಹಿಡಿದು ಬರೆಯದಿದ್ದರೆ ಹೆಸರೂ ಉಳೀತಿರಲಿಲ್ಲ.

ಹಳೇ ಕತೆ ಈಗ್ಯಾಕೆ ಅಂತೀರಾ? ಕೇಳಿ.

ಕೇರಳದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಸಿನಿಮಾ ಮಾಡೋಕೆ ಸರ್ಕಾರ ಒಂದೂವರೆ ಕೋಟಿ ರೂಪಾಯಿವರೆಗೆ ಕೊಡುತ್ತೆ. 2025ರ ಆಗಸ್ಟ್‌ನಲ್ಲಿ ತಿರುವನಂತಪುರದ ಸಿನಿಮಾ ನೀತಿ ಸಮಾವೇಶದಲ್ಲಿ ಅಡೂರ್ ಗೋಪಾಲಕೃಷ್ಣನ್ ಇದಕ್ಕೆ ತಕರಾರು ತೆಗೆದರು. ಇಷ್ಟು ದುಡ್ಡು ಬೇಡ, 50 ಲಕ್ಷದಂತೆ ಮೂವರಿಗೆ ಹಂಚಿ, ಮೊದಲು ಮೂರು ತಿಂಗಳು ಚೆನ್ನಾಗಿ ತರಬೇತಿ ಕೊಡಿ ಅನ್ನೋದು ಅವರ ಮಾತಿನ ಸಾರ. ಸಭೆಯಲ್ಲಿದ್ದ ಗಾಯಕಿ ಪುಷ್ಪವತಿ ಅಲ್ಲೇ ಎದ್ದು ಪ್ರತಿಭಟಿಸಿದರು. ಅಡೂರ್ ಅವರು 2016ನೇ ಸಾಲಿನ ಜೆ.ಸಿ. ಡೇನಿಯಲ್ ಪ್ರಶಸ್ತಿ ಪಡೆದವರು!

ಅಡೂರ್ ದೊಡ್ಡ ನಿರ್ದೇಶಕರು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಸಿನಿಮಾ ಕಲಿತಿದ್ದು ಪುಣೆಯ ಸರ್ಕಾರಿ ಸಂಸ್ಥೆಯಲ್ಲಿ. 1972ರ ಅವರ ಮೊದಲ ಚಿತ್ರ 'ಸ್ವಯಂವರಂ'ಗೆ ಸಾಲ ಕೊಟ್ಟಿದ್ದು ಸರ್ಕಾರದ್ದೇ ಆದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್. ಅದು ಸಾರ್ವಜನಿಕರ ದುಡ್ಡೇ ಅಲ್ವಾ? ಅದರಿಂದ ಒಳ್ಳೆಯದೇ ಆಯಿತು, ದೇಶಕ್ಕೊಬ್ಬ ನಿರ್ದೇಶಕ ಸಿಕ್ಕ. ಅದೇ ನಂಬಿಕೆಯನ್ನು ನಮ್ಮ ಮಕ್ಕಳ ಮೇಲೆ ಯಾಕೆ ಇಡಬಾರದು?

ತರಬೇತಿ ಕೇಳಿದರೆ ತಪ್ಪೇನು ಅಂತ ನಮ್ಮಲ್ಲೇ ಕೆಲವರು ಕೇಳಿದರು. ತರಬೇತಿ ಒಳ್ಳೆಯದೇ, ಎಲ್ಲರಿಗೂ ಕೊಡಿ. ಅಪ್ಪನ ದುಡ್ಡಲ್ಲಿ ಸಿನಿಮಾ ಮಾಡಿ ಮಲಗಿಸುವ ಮಗನಿಗೆ ಯಾರೂ ಸರ್ಟಿಫಿಕೇಟ್ ಕೇಳಲ್ಲ. ಅವನು ಸೋತರೆ ಅದು ಅವನೊಬ್ಬನ ಸೋಲು. ನಮ್ಮವನು ಸೋತರೆ ಇಡೀ ಜಾತಿಯ ಯೋಗ್ಯತೆಯ ಮಾತು ಬರುತ್ತೆ. ದುಡ್ಡು ಕೊಡೋ ಮೊದಲೇ ಅನುಮಾನ ಪಡೋದಿದೆಯಲ್ಲ, ನಮ್ಮ ತಕರಾರು ಅದಕ್ಕೆ.

ಇನ್ನೊಂದು ಮಾತು. ಡೇನಿಯಲ್ ಮತ್ತು ರೋಸಿ ಇಬ್ಬರೂ ಕಳೆದುಕೊಂಡರು ನಿಜ, ಆದರೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಡೇನಿಯಲ್‌ಗೆ ಮಾರೋಕೆ ಜಮೀನಿತ್ತು, ಕೊನೆಗೆ ಸರ್ಕಾರಿ ಪ್ರಶಸ್ತಿಗೆ ಹೆಸರಾದರು. 2013ರ 'ಸೆಲ್ಯುಲಾಯ್ಡ್' ಸಿನಿಮಾದಲ್ಲಿ ಪೃಥ್ವಿರಾಜ್ ಅವರ ಪಾತ್ರ ಮಾಡಿದರು. ರೋಸಿ ಹೆಸರನ್ನು ಎತ್ತಿ ಹಿಡಿದವರು ದಲಿತ ಬರಹಗಾರರು, ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸಂಘಟನೆ, ಚೆನ್ನೈನಲ್ಲಿ ಆಕೆಯ ಹೆಸರಲ್ಲಿ ಚಿತ್ರೋತ್ಸವ ಮಾಡುವ ಪಾ. ರಂಜಿತ್ ಬಳಗ.

ರಂಜಿತ್ ಅವರಿಂದ ನಾವು ಕಲಿಯಬೇಕಾದ್ದು ಇಲ್ಲೇ. ಅವರು ನಿರ್ದೇಶನಕ್ಕೇ ನಿಲ್ಲದೆ ನೀಲಂ ಸಂಸ್ಥೆ ಕಟ್ಟಿ ನಿರ್ಮಾಪಕರಾದರು. ಅದಕ್ಕೇ 2018ರಲ್ಲಿ ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' ಬಂತು. ಬಂಡವಾಳ ಯಾರದೋ ಕತೆ ಅವರದೇ. ನಮ್ಮ ಕನ್ನಡದಲ್ಲಿ ಹಾಡುವವರು, ತಮಟೆ ಬಡಿಯುವವರು, ಲೈಟ್ ಹೊರುವವರು ನಮ್ಮವರು ಸಾಕಷ್ಟಿದ್ದಾರೆ. ಚೆಕ್ಕಿಗೆ ಸಹಿ ಹಾಕುವವರು ಎಷ್ಟು ಜನ, ಬೆರಳು ಮಡಚಿ ಎಣಿಸಿ ನೋಡಿ.

ಸಹಾಯಧನ ಕೇಳೋಣ, ನಾಚಿಕೆ ಬೇಡ. ಅದು ಭಿಕ್ಷೆ ಅಲ್ಲ, ನಮ್ಮ ತೆರಿಗೆಯ ಪಾಲು. ಜೊತೆಗೆ ಹತ್ತು ಜನ ಸೇರಿ ಚಿಕ್ಕದಾದರೂ ನಮ್ಮದೇ ಸಂಸ್ಥೆ ಕಟ್ಟೋಣ. ಮೊದಲ ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಗೆ ರೋಸಿ ಅಂತ ಹೆಸರು ಬರೆದಿಡೋಣ.

ಜೈ ಭೀಮ್.