ಕಲೆಗೆ ಕತ್ತರಿ: ಅಡ್ಡಗೋಡೆಯ ಮೇಲಿಟ್ಟ ದೀಪದಂಥ ನಿಯಮಗಳು

ಹನೂರು ತಾಲ್ಲೂಕಿನ ಶಾಗ್ಯದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಸೀಮೆಯಲ್ಲಿ ಮಾದಪ್ಪನ ಕಥೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಕಂಸಾಳೆ ಹಿಡಿದ ದೇವರ ಗುಡ್ಡರು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಾವ್ಯವನ್ನು ಕಾಪಾಡಿದವರು ತಂಬೂರಿ ಹಿಡಿದ ನೀಲಗಾರರು. ಈ ಹಾಡುಗಾರಿಕೆಗೆ ಒಂದು ಕಾಲದಲ್ಲಿ ಜಾತ್ರೆ, ಹರಕೆ, ಮನೆಯಂಗಳಗಳೇ ವೇದಿಕೆಯಾಗಿದ್ದವು. ಬಳಿಕ ಆಕಾಶವಾಣಿ ಬಂತು, ಕ್ಯಾಸೆಟ್ ಬಂತು, ಸಿ.ಡಿ. ಬಂತು. ಇಂದು ಮೊಬೈಲ್ ಫೋನಿನಲ್ಲಿ ಚಿತ್ರೀಕರಣಗೊಂಡ ಕಥೆ ಯೂಟ್ಯೂಬ್, ಫೇಸ್‌ಬುಕ್‌ಗಳ ಮೂಲಕ ಬೆಂಗಳೂರು, ಮುಂಬಯಿ, ದುಬೈಗಳಲ್ಲಿರುವ ಕನ್ನಡಿಗರನ್ನು ತಲುಪಬಲ್ಲದು. ವೇದಿಕೆ ವಿಸ್ತಾರಗೊಂಡಿದೆ. ಅದರ ಜೊತೆಗೆ ವೇದಿಕೆಯ ಬಾಗಿಲಲ್ಲಿ ಹೊಸದೊಬ್ಬ ಕಾವಲುಗಾರನೂ ಬಂದು ನಿಂತಿದ್ದಾನೆ.

ಆ ಕಾವಲುಗಾರನ ಹೆಸರು ‘ಸಮುದಾಯ ನಿಯಮಾವಳಿ’. ಯಾವ ಚಿತ್ರ, ಯಾವ ಹಾಡು, ಯಾವ ಮಾತು ಜಾಲತಾಣದಲ್ಲಿ ಉಳಿಯಬಹುದು, ಯಾವುದು ಉಳಿಯಕೂಡದು ಎಂಬುದನ್ನು ನಿರ್ಧರಿಸುವುದು ಈ ನಿಯಮಾವಳಿಯೇ. ಆದರೆ ಅದರೊಳಗೆ ಪದೇ ಪದೇ ಕಾಣಸಿಗುವ ‘ಆಕ್ಷೇಪಾರ್ಹ’, ‘ಅನುಚಿತ’, ‘ಸೂಕ್ಷ್ಮ’, ‘ಹಾನಿಕರ’ ಎಂಬ ಪದಗಳಿಗೆ ಎಲ್ಲೆ ಎಲ್ಲಿದೆ? ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವ ಈ ನಿಯಮಗಳು ಮೇಲ್ನೋಟಕ್ಕೆ ಉದಾರವಾಗಿ ಕಾಣುತ್ತವೆ. ವಾಸ್ತವದಲ್ಲಿ ಅಸ್ಪಷ್ಟ ನಿಯಮ ಉದಾರವಲ್ಲ. ಅದು ಅಧಿಕಾರವನ್ನು ನಿಯಮದ ಅಕ್ಷರದಿಂದ ಕಿತ್ತು, ನಿಯಮವನ್ನು ಪ್ರಯೋಗಿಸುವವನ ಕೈಗೆ ಒಪ್ಪಿಸುತ್ತದೆ. ಆ ಕೈ ಇಂದು ಬಹುಮಟ್ಟಿಗೆ ಯಂತ್ರದ್ದು. ಕೆಲವೊಮ್ಮೆ ಸರಕಾರದ್ದು.

ನ್ಯಾಯಾಲಯ ಕಲಿಸಿದ ಪಾಠ

ಅಸ್ಪಷ್ಟತೆ ಕೇವಲ ಭಾಷೆಯ ದೋಷವಲ್ಲ, ಅದು ಕಾನೂನಿನ ದೋಷವೂ ಹೌದು ಎಂಬುದನ್ನು ಸುಪ್ರೀಂ ಕೋರ್ಟ್ ದಶಕದ ಹಿಂದೆಯೇ ಸ್ಪಷ್ಟಪಡಿಸಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ‘ಅತೀವ ಆಕ್ಷೇಪಾರ್ಹ’ ಸಂದೇಶಕ್ಕೂ, ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ 3 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ನೀಡಿತ್ತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯನ್ನು ಕುರಿತ ವ್ಯಂಗ್ಯಚಿತ್ರವೊಂದನ್ನು ಇ-ಮೇಲ್‌ನಲ್ಲಿ ಹಂಚಿದ್ದಕ್ಕಾಗಿ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು 2012ರಲ್ಲಿ ಬಂಧನಕ್ಕೊಳಗಾದ ಪ್ರಕರಣದಲ್ಲಿ ಬಳಕೆಯಾದ ಕಲಮುಗಳಲ್ಲಿ ಇದೂ ಒಂದು. ಒಬ್ಬನಿಗೆ ಕಿರಿಕಿರಿ ಎನಿಸಿದ್ದು ಇನ್ನೊಬ್ಬನಿಗೆ ನಗೆಯ ವಸ್ತುವಾಗಬಹುದು. ಹೀಗಿರುವಾಗ ಅಪರಾಧ ಯಾವುದೆಂದು ಪ್ರಜೆಗಾಗಲೀ ಪೊಲೀಸರಿಗಾಗಲೀ ಮೊದಲೇ ತಿಳಿಯುವುದು ಹೇಗೆ? ಈ ಕಾರಣಕ್ಕಾಗಿಯೇ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ನ್ಯಾಯಾಲಯ 2015ರ ಮಾರ್ಚ್ 24ರಂದು ಇಡೀ ಕಲಮನ್ನೇ ರದ್ದುಪಡಿಸಿತು. ಇಂತಹ ಮಾತುಗಳು ನಿರಪರಾಧಿಯ ಬಾಯಿಯನ್ನೂ ಕಟ್ಟಿಹಾಕುತ್ತವೆ ಎಂಬುದು ಆ ತೀರ್ಪಿನ ಸಾರ.

ಆದರೆ ಸರಕಾರದ ಕಾಯ್ದೆಗೆ ಅನ್ವಯವಾದ ಈ ಪರೀಕ್ಷೆ ಖಾಸಗಿ ಕಂಪನಿಯ ನಿಯಮಾವಳಿಗೆ ನೇರವಾಗಿ ಅನ್ವಯವಾಗುವುದಿಲ್ಲ. ಅದರ ಪರಿಣಾಮವೇನೆಂಬುದಕ್ಕೆ ಜಗತ್ತಿನ ಕಲಾಲೋಕ ಸಾಕಷ್ಟು ನಿದರ್ಶನಗಳನ್ನು ಕಂಡಿದೆ. ಆಸ್ಟ್ರಿಯಾದ ವಿಲ್ಲೆಂಡಾರ್ಫ್‌ನಲ್ಲಿ ದೊರೆತ, ಸುಮಾರು 30 ಸಾವಿರ ವರ್ಷ ಹಳೆಯ, ಅಂಗೈಯಲ್ಲಿ ಹಿಡಿಯಬಹುದಾದ ಸ್ತ್ರೀಮೂರ್ತಿಯ ಛಾಯಾಚಿತ್ರವನ್ನು ಫೇಸ್‌ಬುಕ್ ನಗ್ನತೆಯ ಕಾರಣ ನೀಡಿ ತೆಗೆದುಹಾಕಿತ್ತು. ಶಿಲ್ಪಗಳಿಗೆ ವಿನಾಯಿತಿ ಇದೆಯೆಂಬುದು ಅದರದೇ ನಿಯಮ! ವಿಯೆನ್ನಾದ ವಸ್ತುಸಂಗ್ರಹಾಲಯ ಪ್ರತಿಭಟಿಸಿದ ಮೇಲೆ 2018ರಲ್ಲಿ ಕಂಪನಿ ಕ್ಷಮೆ ಕೋರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಚಿತ್ರಕಲಾವಿದರ ದೊಡ್ಡ ನೆಲೆಯಾಗಿದ್ದ ಟಂಬ್ಲರ್ ಜಾಲತಾಣ ವಯಸ್ಕರ ವಿಷಯಗಳನ್ನು ನಿಷೇಧಿಸಿತು. ಯಂತ್ರದ ಜರಡಿಯಲ್ಲಿ ನಿರುಪದ್ರವಿ ಚಿತ್ರಗಳೂ ಸಿಕ್ಕಿಬಿದ್ದವು, ಅನೇಕ ಕಲಾವಿದರು ಗುಳೆ ಹೋದರು. 2022ರ ನವೆಂಬರ್‌ನಲ್ಲಿ ಟಂಬ್ಲರ್ ನಿಷೇಧವನ್ನು ಭಾಗಶಃ ಸಡಿಲಿಸಿತಾದರೂ ಹೋದವರನ್ನು ಮರಳಿ ತರುವುದು ಸುಲಭವಾಗಿರಲಿಲ್ಲ. ವಿಯೆನ್ನಾದ ಮೂರ್ತಿಯ ಪರವಾಗಿ ದನಿ ಎತ್ತಲು ವಸ್ತುಸಂಗ್ರಹಾಲಯವೊಂದಿತ್ತು. ಹನೂರಿನ ಕಲಾವಿದನ ಪರವಾಗಿ ಯಾರಿದ್ದಾರೆ?

ಮಾದಪ್ಪನ ಕಥೆಗೆ ಯಂತ್ರದ ಕಿವಿ

ಈ ಪ್ರಶ್ನೆ ಕಾಲ್ಪನಿಕ ಆತಂಕವಲ್ಲ. ಕೊಳ್ಳೇಗಾಲ ಸೀಮೆಯ ಮಹಾಕಾವ್ಯಗಳ ವಸ್ತುವನ್ನೇ ಒಮ್ಮೆ ಗಮನಿಸಬೇಕು. ಪಿ.ಕೆ. ರಾಜಶೇಖರ ಅವರಂತಹ ವಿದ್ವಾಂಸರು ಹಾಡುಗಾರರ ಬಾಯಿಂದ ಸಂಗ್ರಹಿಸಿ ಗ್ರಂಥರೂಪಕ್ಕೆ ತಂದ ಮಲೆ ಮಾದೇಶ್ವರ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಕಾಡಿಗೆ ಹೊರಟ ಗಂಡ ನೀಲಯ್ಯ, ತಾನಿಲ್ಲದಾಗ ಶೀಲ ಕಾಯುವುದಾಗಿ ಭಾಷೆ ಕೊಡೆಂದು ಹೆಂಡತಿಯನ್ನು ಪೀಡಿಸುತ್ತಾನೆ. ಆಕೆ ಒಪ್ಪುವುದಿಲ್ಲ. ಅವನು ಆಕೆಗೆ ಕೊಡುವ ಚಿತ್ರಹಿಂಸೆಯ ವರ್ಣನೆ ಕೇಳುಗರ ಕಣ್ಣಲ್ಲಿ ನೀರು ತರಿಸುವಂಥದ್ದು. ಮಾದಪ್ಪ ಆ ಹೆಣ್ಣಿನ ಪಕ್ಷ ವಹಿಸುತ್ತಾನೆ, ಅವನ ವರದಿಂದ ಕಾರಯ್ಯ, ಬಿಲ್ಲಯ್ಯರು ಹುಟ್ಟುತ್ತಾರೆ. ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಹೆಂಡದ ಮಡಕೆ ಹೊತ್ತು, ಹೇಸಿಗೆ ಹುಟ್ಟಿಸುವ ರೂಪದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಬಂದು ನಿಂತು, ಶರಣರೆನಿಸಿಕೊಂಡವರ ಸಾಚಾತನವನ್ನು ಪರೀಕ್ಷಿಸುತ್ತಾನೆ.

ಹಿಂಸೆ, ಮದ್ಯ, ಬೈಗುಳ, ಜಾತಿಯ ಹೆಸರು: ನಿಯಮಾವಳಿಗಳು ಎಚ್ಚರಿಸುವ ಬಹುತೇಕ ಸಂಗತಿಗಳೂ ಈ ಕಾವ್ಯಗಳಲ್ಲಿವೆ. ಆದರೆ ಅವು ಇರುವುದು ಹಿಂಸೆಯನ್ನು ಮೆರೆಸಲಿಕ್ಕಲ್ಲ, ಹಿಂಸೆ ಅನುಭವಿಸಿದವರ ಪರವಾಗಿ ನಿಲ್ಲಲಿಕ್ಕೆ. ಜಾತಿಯ ಆಧಾರದ ಮೇಲಿನ ನಿಂದನೆಯನ್ನು ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯ ನಿಯಮಾವಳಿ ನಿಷೇಧಿಸಿದೆ. ಇದು ಸ್ವಾಗತಾರ್ಹವೇ. ಖಂಡಿಸುವ ಉದ್ದೇಶದಿಂದ ಅಂತಹ ಮಾತನ್ನು ಬಳಸಿದ್ದರೆ, ಉದ್ದೇಶ ಸ್ಪಷ್ಟವಾಗಿರುವಲ್ಲಿ ಅವಕಾಶವೂ ಉಂಟು. ಪ್ರಶ್ನೆಯಿರುವುದು ಅಲ್ಲಿಯೇ. ಆ ಉದ್ದೇಶ ಸ್ಪಷ್ಟವಾಗಬೇಕಾದದ್ದು ಯಾರಿಗೆ? ಕೊಳ್ಳೇಗಾಲದ ಆಡುನುಡಿಯಲ್ಲಿ ರಾತ್ರಿಯಿಡೀ ಹರಿಯುವ ಕಥೆಯ ಒಂದು ತುಣುಕನ್ನು ಕೇಳಿಸಿಕೊಳ್ಳುವ ಯಂತ್ರಕ್ಕೆ ನಿಂದನೆ ಯಾವುದು, ನಿಂದನೆಯ ಖಂಡನೆ ಯಾವುದು ಎಂಬ ವಿವೇಕವಿದೆಯೆಂದು ನಂಬುವುದು ಕಷ್ಟ.

ಪದವೊಂದರ ಎಲ್ಲೆಯನ್ನು ಯಾರು ಗೆರೆ ಎಳೆದು ತೋರಿಸಬೇಕು ಎಂಬ ವ್ಯಾಜ್ಯ ಈ ಸೀಮೆಗೆ ಹೊಸದೇನಲ್ಲ. ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರು ಜಾತ್ರೆಯಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಜಿಲ್ಲಾಡಳಿತ ಮುಂದಿಟ್ಟಾಗ, ತಾವು ಮಾಡುವುದು ದೇವರಿಗೆ ಬಲಿಯಲ್ಲ, ಎಲ್ಲರೂ ಕೂಡಿ ಕುಳಿತು ಉಣ್ಣುವ ಪಂಕ್ತಿಸೇವೆ ಎಂದು ಭಕ್ತರು ವಾದಿಸುತ್ತ ಬಂದಿದ್ದಾರೆ. ಯಾರ ವಾದ ಸರಿ ಎಂಬುದು ಬೇರೆ ಮಾತು. ಅಲ್ಲಿ ಕನಿಷ್ಠ ಪಕ್ಷ ಎದುರಿಗೆ ಅಧಿಕಾರಿಯಿದ್ದಾರೆ, ಕಾಯ್ದೆಯ ಪ್ರತಿಯಿದೆ, ಹೈಕೋರ್ಟಿನ ಬಾಗಿಲಿದೆ. ಜಾಲತಾಣದ ಯಂತ್ರದೆದುರು ವಾದಿಸಲು ಇವಾವುವೂ ಕಲಾವಿದನ ಕೈಗೆ ಸುಲಭವಾಗಿ ಎಟುಕುವುದಿಲ್ಲ. ವಿಡಿಯೊವನ್ನು ತೆಗೆದುಹಾಕುವುದಷ್ಟೇ ಶಿಕ್ಷೆಯೂ ಅಲ್ಲ. ವಯೋಮಿತಿ ವಿಧಿಸುವುದು, ಜಾಹೀರಾತಿನ ಆದಾಯ ನಿಲ್ಲಿಸುವುದು, ನೋಡುಗರಿಗೆ ಶಿಫಾರಸು ಮಾಡದೇ ಬಿಡುವುದು, ಇವೆಲ್ಲ ಸದ್ದಿಲ್ಲದ ಕತ್ತರಿಗಳು.

ಸರಕಾರದ ಕೈ

ಕಂಪನಿಗಳ ಹಿಂದೆ ಸರಕಾರದ ಒತ್ತಡವೂ ಇದೆ ಎಂಬುದನ್ನು ಮರೆಯುವಂತಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಸರಕಾರ ಅಥವಾ ನ್ಯಾಯಾಲಯ ಸೂಚಿಸಿದ ವಿಷಯವನ್ನು ಜಾಲತಾಣ 36 ಗಂಟೆಗಳೊಳಗೆ ತೆಗೆಯಬೇಕಿತ್ತು. 2026ರ ಫೆಬ್ರುವರಿಯ ತಿದ್ದುಪಡಿ ಈ ಗಡುವನ್ನು 3 ಗಂಟೆಗಳಿಗೆ ಇಳಿಸಿದೆ. ಇಂತಹ ಸೂಚನೆಗಳನ್ನು ರವಾನಿಸಲೆಂದೇ ಕೇಂದ್ರ ಗೃಹ ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ‘ಸಹಯೋಗ್’ ಪೋರ್ಟಲ್ ಆರಂಭಿಸಿತು. ಅದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಸಂವಿಧಾನದ 19ನೇ ವಿಧಿ ನೀಡುವ ವಾಕ್ ಸ್ವಾತಂತ್ರ್ಯ ಪ್ರಜೆಗಳಿಗೆ ಮಾತ್ರ, ವಿದೇಶಿ ಕಂಪನಿಗಲ್ಲ ಎಂಬುದು ತೀರ್ಪಿನ ಮುಖ್ಯ ಅಂಶಗಳಲ್ಲೊಂದು. ಮುಂದಿನ ತಿಂಗಳೇ ಕೇಂದ್ರ ನಿಯಮಗಳಿಗೆ ತಿದ್ದುಪಡಿ ತಂದು, ಹಿರಿಯ ಅಧಿಕಾರಿಗಳು ಮಾತ್ರ, ಕಾನೂನಿನ ಆಧಾರ ಹಾಗೂ ಕಾರಣ ನಮೂದಿಸಿ ಸೂಚನೆ ನೀಡಬೇಕೆಂದು ವಿಧಿಸಿತು. ಇದು ಒಳ್ಳೆಯ ಹೆಜ್ಜೆ. ಆದರೂ ಮುಖ್ಯ ಸಂಗತಿಯೊಂದು ಹಾಗೆಯೇ ಉಳಿಯಿತು. ಹಕ್ಕು ಇರುವುದು ಪ್ರಜೆಗೆ, ನೋಟಿಸು ಹೋಗುವುದು ಕಂಪನಿಗೆ. 3 ಗಂಟೆಗಳ ಗಡುವಿನ ಕೆಳಗೆ, ಹಕ್ಕಿಲ್ಲದ ಕಂಪನಿ ಹಕ್ಕುಳ್ಳ ಕಲಾವಿದನ ಪರವಾಗಿ ವಾದಿಸೀತೆಂದು ನಿರೀಕ್ಷಿಸಲಾದೀತೆ?

ರಾಜ್ಯ ಸರಕಾರವೂ ಈ ವ್ಯಾಮೋಹದಿಂದ ಹೊರತಲ್ಲ. 2025ರ ಜೂನ್‌ನಲ್ಲಿ ಬೆಳಕಿಗೆ ಬಂದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಸ್ತ್ರೀವಾದ ವಿರೋಧಿ ವಿಷಯ, ಸನಾತನ ಸಂಕೇತಗಳಿಗೆ ಅಗೌರವ ಎಂಬಂತಹ ವ್ಯಾಖ್ಯೆಯಿಲ್ಲದ ಮಾತುಗಳಿದ್ದವು. ಸಂಕಮ್ಮನ ಸಾಲಿನ ಹಿಂಸೆಯನ್ನು ಒಬ್ಬ ಅಧಿಕಾರಿ ಮೊದಲನೆಯದೆಂದೂ, ಮಂಟೇಸ್ವಾಮಿಯ ಹೆಂಡದ ಮಡಕೆಯನ್ನು ಮತ್ತೊಬ್ಬ ಅಧಿಕಾರಿ ಎರಡನೆಯದೆಂದೂ ಓದಲು ಇಂತಹ ಪದಗಳೇ ಸಾಕು.

ಸ್ಪಷ್ಟತೆ ಅಸಾಧ್ಯವೇ?

ಕೋಟ್ಯಂತರ ವಿಡಿಯೊಗಳ ನಡುವೆ ನಿಯಮ ಸ್ವಲ್ಪ ಸಡಿಲವಾಗಿರದಿದ್ದರೆ ದುರುಳರು ನುಸುಳಿಕೊಳ್ಳುತ್ತಾರೆ ಎಂಬುದು ಕಂಪನಿಗಳ ಹಾಗೂ ಸರಕಾರದ ಸಮರ್ಥನೆ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ, ಮಹಿಳೆಯರ ಖಾಸಗಿ ದೃಶ್ಯಗಳಂಥವು ಕ್ಷಣವೂ ಉಳಿಯಕೂಡದು. ಆದರೆ ಗಮನಿಸಬೇಕಾದದ್ದೆಂದರೆ, ಆ ವಿಷಯಗಳಲ್ಲಿ ನಿಯಮ ಸ್ಪಷ್ಟವಾಗಿಯೇ ಇದೆ. ಆದ್ದರಿಂದಲೇ ಅಲ್ಲಿ ಕ್ರಮ ಶೀಘ್ರವಾಗಿ ಸಾಧ್ಯ, ತಕರಾರೂ ಕಡಿಮೆ. ಅಂದರೆ ಸ್ಪಷ್ಟತೆ ವೇಗಕ್ಕೆ ಅಡ್ಡಿಯಲ್ಲ, ಅದು ವೇಗಕ್ಕೆ ಆಧಾರ.

ಕಲೆಗೆ ಸ್ಪಷ್ಟವಾದ ವಿನಾಯಿತಿ ನೀಡುವುದೂ ಕಾನೂನಿಗೆ ಅಪರಿಚಿತವಲ್ಲ. ಅಶ್ಲೀಲತೆಯನ್ನು ಶಿಕ್ಷಿಸುವ ಭಾರತೀಯ ದಂಡ ಸಂಹಿತೆಯ 292ನೇ ಕಲಮು ಪ್ರಾಚೀನ ಸ್ಮಾರಕ, ದೇವಾಲಯ ಮತ್ತು ದೇವರ ಉತ್ಸವದ ತೇರಿನ ಮೇಲಿನ ಕೆತ್ತನೆ, ಚಿತ್ರಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮೂ ಅದನ್ನು ಮುಂದುವರಿಸಿದೆ. ಸೋಮನಾಥಪುರದ ಕೇಶವ ದೇವಾಲಯಕ್ಕೂ, ಯಳಂದೂರಿನ ಗೌರೀಶ್ವರ ದೇವಾಲಯಕ್ಕೂ, ಊರೂರಿನ ತೇರಿಗೂ ಈ ರಕ್ಷಣೆಯಿದೆ. ಕಲ್ಲಿಗೆ, ಮರಕ್ಕೆ ಸಿಕ್ಕ ಈ ಖಚಿತ ಮಾತು ಕಂಠಕ್ಕೆ ಮಾತ್ರ ಏಕೆ ಸಿಗಕೂಡದು?

ಹೊಸ ಕಾಯ್ದೆಯನ್ನು ಕಾಯಬೇಕಾದ ಅಗತ್ಯವೂ ಇಲ್ಲ. 2022ರ ಅಕ್ಟೋಬರ್‌ನ ತಿದ್ದುಪಡಿಯ ಪ್ರಕಾರ ಬಳಕೆದಾರ ಬಯಸಿದರೆ ನಿಯಮಾವಳಿಯನ್ನು ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ತಿಳಿಸುವುದು ಜಾಲತಾಣದ ಹೊಣೆ. 50 ಲಕ್ಷಕ್ಕೂ ಮೀರಿದ ಬಳಕೆದಾರರುಳ್ಳ ದೊಡ್ಡ ಜಾಲತಾಣಗಳು ತಾವಾಗಿಯೇ ವಿಷಯವೊಂದನ್ನು ತೆಗೆಯುವ ಮೊದಲು ಹಾಕಿದವನಿಗೆ ಕಾರಣ ತಿಳಿಸಿ, ಪ್ರಶ್ನಿಸಲು ಅವಕಾಶ ನೀಡಬೇಕೆಂದು 2021ರ ನಿಯಮಗಳೇ ಹೇಳುತ್ತವೆ. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ 2023ರಲ್ಲಿ ರಚನೆಯಾದ ಮೇಲ್ಮನವಿ ಸಮಿತಿಗಳಿಗೆ 30 ದಿನಗಳೊಳಗೆ ದೂರಬಹುದು. ಕಾಗದದ ಮೇಲೆ ಇವೆಲ್ಲ ಇವೆ. ಅವು ಕಲಾವಿದನ ಅಂಗಳ ತಲುಪುವಂತೆ ಮಾಡಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಕರ್ನಾಟಕ ಜಾನಪದ ಅಕಾಡೆಮಿ ಮುಂದಾಗಬೇಕು. ಪ್ರಶಸ್ತಿ, ಮಾಸಾಶನಗಳಷ್ಟೇ ಮುಖ್ಯವಾಗಿ ಕಲಾವಿದರ ಪರವಾಗಿ ದೂರು ಬರೆದುಕೊಡುವ, ಕಾವ್ಯದ ಸಂದರ್ಭವನ್ನು ಕಂಪನಿಗೆ ವಿವರಿಸುವ ವ್ಯವಸ್ಥೆಯೊಂದು ಇಂದು ಬೇಕಾಗಿದೆ.

ಇಲ್ಲವಾದರೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂಥದ್ದಲ್ಲ. ತೆಗೆದುಹಾಕಿದ ವಿಡಿಯೊವನ್ನು ಎಣಿಸಬಹುದು. ಗೊಡವೆಯೇ ಬೇಡವೆಂದು ಹಾಡುಗಾರನೇ ಸಂಕಮ್ಮನ ಸಾಲನ್ನು ಬಿಟ್ಟು, ಕಲ್ಯಾಣದ ಪ್ರಸಂಗವನ್ನು ತೊಳೆದು, ಯಂತ್ರ ಮೆಚ್ಚುವ ಭಕ್ತಿಗೀತೆಯನ್ನಷ್ಟೇ ಹಾಡತೊಡಗಿದರೆ ಅದನ್ನು ಎಣಿಸುವವರು ಯಾರೂ ಇರುವುದಿಲ್ಲ. ಮುಂದಿನ ತಲೆಮಾರು ಆ ಮೊಟಕಾದ ಕಥೆಯನ್ನೇ ಇಡಿಯ ಕಥೆಯೆಂದು ಕಲಿಯುತ್ತದೆ.